ಫ್ರಿಜ್‌ನಲ್ಲಿಟ್ಟ ನಿಂಬೆರಸ ಬೆಳಗಾಗುವಷ್ಟರಲ್ಲಿ ಕಹಿ! 60 ಹಣ್ಣು ದಂಡವಾಯ್ತಾ?

ಒಗ್ಗರಣೆ_ಡಬ್ಬಿ
ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾದಿನಿ ವಿಜಯಪುರ ಜಿಲ್ಲೆಯ ಇಂಡಿಯಿಂದ ಬರುವಾಗ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟರು. ಎಣಿಸಿದೆ, 112 ಹಣ್ಣು. ನಮ್ಮ ಮನೆಯಲ್ಲಿ ಇರೋದು ನಾಲ್ಕು ಜನ. ಹಾಳಾಗುತ್ತಲ್ಲ ಅಂತ ಭಾನುವಾರ ಕೂತು 60 ಹಣ್ಣಿನ ರಸ ತೆಗೆದು ಎರಡು ಬಾಟಲಿ ತುಂಬಿಸಿ ಫ್ರಿಜ್‌ನಲ್ಲಿಟ್ಟೆ. ಅವತ್ತು ಸಂಜೆ ಶರಬತ್ತು ಮಾಡಿದಾಗ ಏನೂ ತೊಂದರೆ ಇರಲಿಲ್ಲ, ಚೆನ್ನಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಅದೇ ರಸದಲ್ಲಿ ಚಿತ್ರಾನ್ನ ಕಲಸಿದೆ. ಮಗ ಒಂದು ತುತ್ತು ತಿಂದು "ಅಮ್ಮ, ಹಾಗಲಕಾಯಿ ಹಾಕಿದ್ಯಾ?" ಅಂದ. ನಾನೂ ತಿಂದು ನೋಡಿದೆ. ನಿಜವಾಗಲೂ ಕಹಿ. ಶರಬತ್ತೂ ಕಹಿ. ಸಕ್ಕರೆ ಹಾಕಿದಷ್ಟೂ ಸಿಹಿಗಹಿ.

ಹಣ್ಣೇ ಸರಿ ಇಲ್ವಾ? ಫ್ರಿಜ್ ಸರಿ ಇಲ್ವಾ? ಇನ್ನೂ 52 ಹಣ್ಣು ಬುಟ್ಟಿಯಲ್ಲಿವೆ. ಅವನ್ನೇನು ಮಾಡಲಿ?

ಸೋಡಾಬುಡ್ಡಿ
ಬುಟ್ಟಿ ನಮ್ಮನೆಗೆ ಕಳಿಸಿ. ಸಮಸ್ಯೆ ಮುಗೀತು.

ಜಯನಗರದ_ಜಾಣೆ
ಪ್ಲಾಸ್ಟಿಕ್ ಬಾಟಲಿಯಲ್ಲಿ ಇಟ್ಟಿದ್ರಾ? ನನಗೆ ಅದರ ಮೇಲೇ ಅನುಮಾನ. ಹುಳಿ ಯಾವತ್ತೂ ಗಾಜಿನಲ್ಲಿರಬೇಕು.

ಒಗ್ಗರಣೆ_ಡಬ್ಬಿ
ಗಾಜಿನ ಬಾಟಲಿ ಅಕ್ಕ. ಕುದಿಸಿ ಒಣಗಿಸಿದ್ದು.

ಇಂಡಿ_ಹುಡುಗ
ಹಣ್ಣಿನ ಮೇಲೆ ಮಾತ್ರ ತಪ್ಪು ಹೊರಿಸಬೇಡ್ರಿ. ನಮ್ಮ ಇಂಡಿ ಲಿಂಬಿಗೆ ಜಿಐ ಟ್ಯಾಗ್ ಐತಿ, ಅಂದ್ರ ಇದು ಈ ಊರಿನ ವಿಶೇಷ ಬೆಳಿ ಅನ್ನೋ ಅಧಿಕೃತ ಗುರುತು. ಲಿಂಬೆ ಅಭಿವೃದ್ಧಿ ಮಂಡಳಿ ಇರೋದೂ ನಮ್ಮ ಊರಾಗೇ. ತೆಳು ಸಿಪ್ಪಿ, ತುಂಬ ರಸ. ಹಣ್ಣಿಗೆ ಕಹಿ ಇದ್ದಿದ್ರೆ ಅವತ್ತು ಸಂಜೆನೇ ಗೊತ್ತಾಗ್ತಿತ್ತು. ರಸ ಹೆಂಗ ತೆಗೆದ್ರಿ ಅದನ್ನ ಮೊದಲು ಹೇಳ್ರಿ.

ಅಜ್ಜಿಮೊಮ್ಮಗ
+1. ಬೀಜ ತೆಗೆದ್ರಾ?

ಒಗ್ಗರಣೆ_ಡಬ್ಬಿ
ಶೋಧಿಸಿದ್ದೇನೆ. ಒಂದು ಬೀಜವೂ ಬಾಟಲಿಗೆ ಹೋಗಿಲ್ಲ.

ಅಜ್ಜಿಮೊಮ್ಮಗ
ಕೇಳಿದ್ದು ಅದಲ್ಲ. ಹಿಂಡೋ ಮೊದಲು ತೆಗೆದ್ರಾ, ಆಮೇಲೆ ಶೋಧಿಸಿದ್ರಾ?

ಒಗ್ಗರಣೆ_ಡಬ್ಬಿ
...ಅದು... 60 ಹಣ್ಣು ಕೈಯಲ್ಲಿ ಹಿಂಡೋಕೆ ಆಗುತ್ತಾ? ಒಂದು ವಿಡಿಯೋದಲ್ಲಿ ತೋರಿಸಿದ್ದರು. ಸಿಪ್ಪೆ ಹೆರೆದು, ನಾಲ್ಕು ಹೋಳು ಮಾಡಿ, ಮಿಕ್ಸಿಗೆ ಹಾಕಿ ಒಂದೆರಡು ಸುತ್ತು ತಿರುಗಿಸಿ ಶೋಧಿಸಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತೆ ಅಂತ.

ಸೋಡಾಬುಡ್ಡಿ
ಸಿಕ್ಕಿಬಿದ್ರು 😂

ಇಂಡಿ_ಹುಡುಗ
ಮಿಕ್ಸಿಗಾ?! ಅಯ್ಯೋ ಶಿವನೆ. ನಾದಿನಿಗೆ ಹೇಳಬೇಡ್ರಿ ಇದನ್ನ.

ರಸಾಯನ_ಮೇಷ್ಟ್ರು
ಈಗ ಗೊತ್ತಾಯ್ತು. ಸಂಜೆ ಸರಿಯಿದ್ದು ಬೆಳಿಗ್ಗೆ ಯಾಕೆ ಕಹಿಯಾಯ್ತು ಅನ್ನೋದೇ ಇಲ್ಲಿ ಮಜವಾದ ವಿಷಯ.

ನಿಂಬೆ ಜಾತಿಯ ಹಣ್ಣುಗಳಲ್ಲಿ ಲಿಮೊನಿನ್ ಅಂತ ಒಂದು ಕಹಿ ವಸ್ತು ಬರುತ್ತೆ. ಒಳಗಿನ ಬಿಳಿ ಪದರ ಮತ್ತು ತೊಳೆಗಳ ಪೊರೆಯಲ್ಲಿ ಅದು ಮೊದಲು ಕಹಿಯಿಲ್ಲದ ರೂಪದಲ್ಲಿ ಇರುತ್ತೆ. ಹಣ್ಣನ್ನು ಜಜ್ಜಿದಾಗ ಅದು ಹುಳಿರಸದ ಜೊತೆ ಬೆರೆತು ನಿಧಾನಕ್ಕೆ ಲಿಮೊನಿನ್ ಆಗಿ ಬದಲಾಗುತ್ತೆ. ಕೆಲವು ಗಂಟೆ ಹಿಡಿಯುತ್ತೆ. ಬಿಸಿ ಮಾಡಿದರೆ ಇನ್ನೂ ಬೇಗ. ಬೀಜದಲ್ಲಂತೂ ಕಹಿ ಸಿದ್ಧವಾಗಿಯೇ ಕೂತಿರುತ್ತೆ, ಅದನ್ನು ಬ್ಲೇಡು ಒಡೆದರೆ ನೇರ ರಸಕ್ಕೆ. ನೀವು ಮೇಲಿನ ಹಸಿರು ಸಿಪ್ಪೆ ಹೆರೆದಿರಿ, ಒಳಗಿನ ಬಿಳಿ, ಪೊರೆ, ಬೀಜ ಎಲ್ಲ ಮಿಕ್ಸಿಗೆ ಕೊಟ್ಟಿರಿ. ಆಮೇಲೆ ಶೋಧಿಸಿದರೆ ಚರಟ ಹೋಗುತ್ತೆ, ಕಹಿ ಹೋಗಲ್ಲ.

ಕಿತ್ತಳೆ ರಸದ ಕಾರ್ಖಾನೆಗಳಿಗೂ ಇದೇ ತಲೆನೋವು. ನೀವೊಬ್ಬರೇ ಅಲ್ಲ.

ಒಗ್ಗರಣೆ_ಡಬ್ಬಿ
ಮೇಷ್ಟ್ರೇ, ಆ ಎರಡು ಬಾಟಲಿ ಈಗ ಸರಿ ಮಾಡೋಕೆ ಆಗಲ್ವಾ?

ರಸಾಯನ_ಮೇಷ್ಟ್ರು
ಮನೆಯಲ್ಲಿ ಆಗಲ್ಲ. ಸಕ್ಕರೆ, ಉಪ್ಪು ಹಾಕಿ ಸ್ವಲ್ಪ ಮರೆಮಾಚಬಹುದು, ತೆಗೆಯೋಕೆ ಆಗಲ್ಲ.

ಕುಂದಾಪುರದ_ಅಮ್ಮಮ್ಮ
ಎಸೀಬೇಡ ಮಗಾ. ದೀಪದ ಕಂಬ, ತಾಮ್ರದ ಕೊಡ, ಹಿತ್ತಾಳೆ ತಟ್ಟೆ ಎಲ್ಲ ಹೊರಗೆ ತೆಗಿ. ಆ ರಸಕ್ಕೆ ಪುಡಿ ಉಪ್ಪು ಸೇರಿಸಿ ಉಜ್ಜು. ಎರಡು ಬಾಟಲಿಯಲ್ಲಿ ಇಡೀ ಕೇರಿಯ ಪಾತ್ರೆ ಬೆಳಗುತ್ತೆ. ಉಜ್ಜಿದ ಕೂಡಲೇ ನೀರಿನಲ್ಲಿ ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಒರೆಸು, ಹಾಗೇ ಬಿಟ್ಟರೆ ಮತ್ತೆ ಕಪ್ಪಾಗುತ್ತೆ.

ನ್ಯೂಜೆರ್ಸಿ_ನಂಜುಂಡ
60 ಹಣ್ಣಿನ ರಸದಲ್ಲಿ ಪಾತ್ರೆ ತೊಳೆಯೋದಾ! ಇಲ್ಲಿ ಡಾಲರ್ ಕೊಟ್ಟು ಮೂರು ತಗೊಂಡು ಬರ್ತೀವಿ ಸ್ವಾಮಿ.

ಅದೂ ನಮ್ಮೂರ ನಿಂಬೆ ಅಲ್ಲ. ಇಲ್ಲಿ ಅಂಗಡಿಯಲ್ಲಿ ಸಿಗೋ ದಪ್ಪ ಹಸಿರು ಹಣ್ಣು ಪರ್ಷಿಯನ್ ಲೈಮ್. ಬೀಜ ಇಲ್ಲ, ಸಿಪ್ಪೆ ದಪ್ಪ, ಘಮ ಕಮ್ಮಿ. ಹಳದಿ ಲೆಮನ್ ಬೇರೆಯೇ ಜಾತಿ. ಬಂದ ಹೊಸದರಲ್ಲಿ ಹಳದಿ ನೋಡಿ ಹಣ್ಣಾದ ನಿಂಬೆ ಅಂದುಕೊಂಡು ತಂದು ಚಿತ್ರಾನ್ನ ಮಾಡಿದ್ದೆ. ಚೆನ್ನಾಗಿತ್ತು, ಆದರೆ ಚಿತ್ರಾನ್ನ ಆಗಿರಲಿಲ್ಲ. ಕೊನೆಗೆ ಮೆಕ್ಸಿಕನ್ ಅಂಗಡಿಯಲ್ಲಿ ಕೀ ಲೈಮ್ ಅಂತ ಚಿಕ್ಕ ಹಣ್ಣಿನ ಚೀಲ ಸಿಕ್ಕಿತು. ಹಿಂಡಿದಾಗ ಬಂದ ವಾಸನೆಗೆ ಕಣ್ಣಲ್ಲಿ ನೀರು ಬಂತು. ರಸವೂ ಹಾರಿತ್ತು ಅನ್ನಿ.

ಇಂಡಿ_ಹುಡುಗ
ಅದೇ ನಮ್ಮ ಕಾಗಜಿ ಲಿಂಬಿಯ ಜಾತಿ. ಸಿಪ್ಪಿ ಕಾಗದದಷ್ಟು ತೆಳು ಅಂತ ಆ ಹೆಸರು.

ಜಯನಗರದ_ಜಾಣೆ
ಅದು ನಿಂಬೆ. ಲಿಂಬೆ ಅಲ್ಲ.

ಇಂಡಿ_ಹುಡುಗ
ಬೆಳೆಯೋರು ನಾವು, ಹೆಸರಿಡೋರು ನೀವಾ?

ಕುಂದಾಪುರದ_ಅಮ್ಮಮ್ಮ
ನಾವೂ ಲಿಂಬೆ ಅಂತಲೇ ಹೇಳೋದು.

ಸೋಡಾಬುಡ್ಡಿ
2–1. ಜಯನಗರ ಸೋತಿತು. ಮುಂದಿನ ವಿಷಯ: ಚಿತ್ರಾನ್ನಕ್ಕೆ ಈರುಳ್ಳಿ ಬೇಕಾ ಬೇಡ್ವಾ.

ಜಯನಗರದ_ಜಾಣೆ
ಬೇಡ.

ನ್ಯೂಜೆರ್ಸಿ_ನಂಜುಂಡ
ಬೇಕು.

ಅಜ್ಜಿಮೊಮ್ಮಗ
ಸುಮ್ನೆ ಜಗಳ ಹಚ್ಚಬೇಡ ಬುಡ್ಡಿ. ಅಕ್ಕನ 52 ಹಣ್ಣಿನ ವಿಷಯಕ್ಕೆ ಬರೋಣ.

ನಮ್ಮಜ್ಜಿ ಮಾಡ್ತಿದ್ದಿದ್ದು ಹೇಳ್ತೀನಿ. ಹಣ್ಣನ್ನು ಮೊದಲು ನೆಲದ ಮೇಲಿಟ್ಟು ಅಂಗೈಯಲ್ಲಿ ಒತ್ತಿ ಉರುಳಿಸ್ತಿದ್ದರು. ಗಟ್ಟಿಯಿದ್ದದ್ದು ಮೆತ್ತಗಾಗೋವರೆಗೆ. ಗಟ್ಟಿ ಹಣ್ಣಾದರೆ ಐದು ನಿಮಿಷ ಬಿಸಿನೀರಿನಲ್ಲಿ ಹಾಕಿ ತೆಗೀತಿದ್ದರು. ಆಮೇಲೆ ಅಡ್ಡ ಹೆಚ್ಚೋದು, ಉದ್ದ ಅಲ್ಲ. ಅಡ್ಡ ಹೆಚ್ಚಿದರೆ ಎಲ್ಲಾ ತೊಳೆಗಳೂ ತೆರೆದುಕೊಳ್ಳುತ್ತವೆ, ಬೀಜಗಳು ಎದುರಿಗೇ ಕಾಣಿಸ್ತವೆ. ಚಾಕುವಿನ ತುದಿಯಲ್ಲಿ ಟಕ್ ಟಕ್ ಅಂತ ಎಬ್ಬಿಸ್ತಿದ್ದರು. ಕೊನೆಗೆ ಹಿಂಡೋದು, ಅದೂ ಒಂದೇ ಸಲ. ನಾನು ಆಸೆಗೆ ಸಿಪ್ಪೆ ಮಗುಚಿ ಇನ್ನೊಂದು ಸಲ ಹಿಂಡಿದರೆ "ಸಾಕು ಬಿಡೋ, ಅದರ ಜೀವ ತೆಗೀಬೇಡ" ಅಂತ ಬೈತಿದ್ದರು. ಮೇಷ್ಟ್ರು ಹೇಳಿದ ಲಿಮೊನಿನ್ ಅಜ್ಜಿಗೆ ಗೊತ್ತಿರಲಿಲ್ಲ. ಎರಡನೇ ಹಿಂಡು ಕಹಿ ಅಂತ ಗೊತ್ತಿತ್ತು.

ಬಾಣಲೆ_ಭಾಗ್ಯ
ಕೈಯಲ್ಲಿ ಆಗದಿದ್ದರೆ ಇಕ್ಕಳದ ಥರ ಬರೋ ಸ್ಕ್ವೀಜರ್ ಸಾಕು. ಆದರೆ ಹತ್ತರಲ್ಲಿ ಎಂಟು ಜನ ಅದರಲ್ಲಿ ಹಣ್ಣು ಉಲ್ಟಾ ಇಡ್ತಾರೆ. ಬಟ್ಟಲಿನ ಆಕಾರಕ್ಕೆ ಕೂರಲಿ ಅಂತ ಸಿಪ್ಪೆ ಕೆಳಗೆ ಮಾಡ್ತಾರೆ. ತಪ್ಪು. ಹೆಚ್ಚಿದ ಮುಖ ತೂತುಗಳ ಕಡೆ ಇರಬೇಕು, ಸಿಪ್ಪೆ ಮೇಲೆ. ಒತ್ತಿದಾಗ ಸಿಪ್ಪೆ ಒಳಗಡೆಯಿಂದ ಹೊರಗೆ ಮಗುಚಿಕೊಳ್ಳಬೇಕು.

ಒಗ್ಗರಣೆ_ಡಬ್ಬಿ
ಹತ್ತು ವರ್ಷದಿಂದ ಉಲ್ಟಾ ಇಡ್ತಾ ಇದ್ದೆ. ರಸ ಮುಖಕ್ಕೆ ಹಾರೋದು ಅದಕ್ಕೇನಾ?!

ಬಾಣಲೆ_ಭಾಗ್ಯ
ಅದಕ್ಕೇ 🙂

ಚಿತ್ರಾನ್ನದ್ದೂ ಹೇಳಿಬಿಡ್ತೀನಿ, ಯಾಕಂದ್ರೆ ಬರೀ ಮಿಕ್ಸಿಯ ತಪ್ಪು ಇರಲಿಕ್ಕಿಲ್ಲ. ಒಗ್ಗರಣೆಗೇ ರಸ ಸುರಿದು ಕುದಿಸಿದ್ರಾ? ಅನ್ನ ಹರವಿ ಆರಬೇಕು. ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ, ಹಸಿಮೆಣಸು, ಕರಿಬೇವು, ಅರಿಶಿನ ಎಲ್ಲ ಎಣ್ಣೆಯಲ್ಲಿ ಆಗಬೇಕು. ಒಲೆ ಆರಿಸಬೇಕು. ಅನ್ನ, ಉಪ್ಪು ಹಾಕಿ ಕಲಸಿ ಕಟ್ಟಕಡೆಗೆ ರಸ. ಕಾಯಿತುರಿ ಅದರ ಮೇಲೆ. ನಿಂಬೆ ಸಾರಿಗೂ ಹಾಗೇ. ಬೇಳೆ ಕಟ್ಟಿಗೆ ಶುಂಠಿ, ಹಸಿಮೆಣಸು ಹಾಕಿ ಕುದಿಸಿ, ಕೆಳಗಿಳಿಸಿದ ಮೇಲೆ ರಸ. ಒಲೆಯ ಮೇಲಿರೋವಾಗ ಹಿಂಡಿದರೆ ಘಮ ಎಲ್ಲ ಹಬೆಯ ಜೊತೆ ಪಕ್ಕದ ಮನೆಗೆ.

ಕಬ್ಬಿಣದ ಬಾಣಲೆಯಲ್ಲಿ ಕಲಸಬೇಡಿ. ನನ್ನ ಹೆಸರೇ ಬಾಣಲೆ, ಆದರೂ ಹೇಳ್ತೀನಿ. ಚಿತ್ರಾನ್ನ ಕಪ್ಪಾಗುತ್ತೆ, ಕಬ್ಬಿಣದ ರುಚಿ ಬರುತ್ತೆ. ಅಲ್ಯೂಮಿನಿಯಂ ಕೂಡ ಬೇಡ.

ಮೈಸೂರು_ಸಿಲ್ಕ್
ಹೇರಳೆಕಾಯಿ ಚಿತ್ರಾನ್ನ ತಿಂದವರು ಯಾರಾದ್ರೂ ಇದ್ದೀರಾ? ನಿಂಬೆಯ ದೊಡ್ಡಪ್ಪನ ಥರ ಇರುತ್ತೆ ಕಾಯಿ. ಒಂದು ಹಿಂಡಿದರೆ ಮನೆಮಂದಿಗೆಲ್ಲ ಸಾಕು. ಅದರ ಘಮದ ಮುಂದೆ ನಿಂಬೆ ಏನೂ ಅಲ್ಲ.

ಇಂಡಿ_ಹುಡುಗ
ಈ ಮಾತು ಹಿಂತಗೋರಿ.

ದಮ್ಮಾಮ್_ಭಟ್ಟ
ಇಲ್ಲಿ ಗಲ್ಫ್‌ನಲ್ಲಿ ನಿಂಬೆಯನ್ನ ಉಪ್ಪುನೀರಿನಲ್ಲಿ ಬೇಯಿಸಿ, ಬಿಸಿಲಲ್ಲಿ ಕಪ್ಪಗೆ ಕಲ್ಲಾಗೋ ಥರ ಒಣಗಿಸ್ತಾರೆ. ಲೂಮಿ ಅಂತಾರೆ. ಅಲ್ಲಾಡಿಸಿದರೆ ಗಿಲಕಿ ಥರ ಸದ್ದು. ಎರಡು ತೂತು ಮಾಡಿ ಮಾಂಸದ ಸಾರಿಗೆ ಹಾಕ್ತಾರೆ. ಇರಾಕ್‌ನವರು ಅದರದ್ದೇ ಚಹಾ ಮಾಡ್ತಾರೆ. ನಾನು ಸಸ್ಯಾಹಾರಿ, ಒಂದು ಸಲ ಬೇಳೆ ಸಾರಿಗೆ ಹಾಕಿ ನೋಡಿದೆ. ಹುಳಿ, ಸ್ವಲ್ಪ ಹೊಗೆ, ಸ್ವಲ್ಪ ಕಹಿ. ಆ ಕಹಿ ಚೆನ್ನಾಗಿಯೇ ಇತ್ತು. ಹೆಂಡತಿ ಮಾತ್ರ "ಸಾರಿನಲ್ಲಿ ಜಾಯಿಕಾಯಿ ಬಿದ್ದಿದೆ ತೆಗೀರಿ" ಅಂದಳು.

ಸೋಡಾಬುಡ್ಡಿ
ಕುಡಿಯೋ ವಿಷಯ ಯಾರೂ ಮಾತಾಡ್ತಿಲ್ಲ. ನನ್ನ ಹೆಸರಿಗೆ ಅವಮಾನ.

ಮನೆಯಲ್ಲಿ ನಿಂಬೆ ಸೋಡಾ ಮಾಡೋರಿಗೆ: ಉಪ್ಪು, ರಸ ಮೊದಲು ಲೋಟದಲ್ಲಿ ಒಂದು ಚಮಚ ನೀರಲ್ಲಿ ಕರಗಿಸಿ. ಸೋಡಾ ಕೊನೆಗೆ, ಲೋಟ ಓರೆ ಹಿಡಿದು ನಿಧಾನಕ್ಕೆ. ನಾನು ಒಂದು ಸಲ ನೆಂಟರ ಮುಂದೆ ಸ್ಟೈಲ್ ಮಾಡೋಕೆ ಹೋಗಿ ತುಂಬಿದ ಸೋಡಾಕ್ಕೆ ಮೇಲಿಂದ ಉಪ್ಪು ಉದುರಿಸಿದೆ. ಬುಸ್ ಅಂತ ಉಕ್ಕಿ ಮಾವನವರ ಬಿಳಿ ಪಂಚೆ ಮೇಲೆ. ಉಪ್ಪಿನ ಹರಳು ಬಿದ್ದ ಕಡೆ ಗ್ಯಾಸ್ ಎಲ್ಲ ಒಮ್ಮೆಗೇ ಎದ್ದು ಬರುತ್ತೆ. ಉಕ್ಕಿದ ಮೇಲೆ ಉಳಿದದ್ದು ಸಪ್ಪೆ ನೀರು. ಮಾವ ಅದನ್ನೂ ಕುಡಿದರು, ಒಳ್ಳೆಯವರು.

ಕುಂದಾಪುರದ_ಅಮ್ಮಮ್ಮ
ಸೋಡಾ ಯಾಕೆ, ಪಾನಕ ಮಾಡಿ. ಬೆಲ್ಲ ನೀರಿನಲ್ಲಿ ಕರಗಿಸಿ ಶೋಧಿಸಿ, ಒಣಶುಂಠಿ, ಏಲಕ್ಕಿ, ನಾಲ್ಕು ಕಾಳುಮೆಣಸು ಕುಟ್ಟಿ ಹಾಕಿ, ಕುಡಿಯೋ ಮೊದಲು ಲಿಂಬೆ ಹಿಂಡಿ. ಚಿಟಿಕೆ ಉಪ್ಪು ಮರೀಬೇಡಿ.

ತುಮಕೂರು_ತಮ್ಮಯ್ಯ
ಪಾನಕ ಅಂದಾಗ ನೆನಪಾಯ್ತು, ಎಲ್ಲರೂ ದಯವಿಟ್ಟು ಓದಿ. ಎರಡು ವರ್ಷದ ಹಿಂದೆ ನಮ್ಮ ಬೀದಿಯ ರಾಮನವಮಿಗೆ ನಾನು, ಇನ್ನಿಬ್ಬರು ಸೇರಿ ಪೆಂಡಾಲಿನ ಹೊರಗೆ ಬಿಸಿಲಲ್ಲಿ ಕೂತು ಸುಮಾರು 300 ಹಣ್ಣು ಹಿಂಡಿದೆವು. ಕೈ ಸರಿಯಾಗಿ ತೊಳೀಲಿಲ್ಲ, ಹಾಗೇ ಪಾನಕ ಹಂಚಿದೆವು. ಎರಡನೇ ದಿನಕ್ಕೆ ಬೆರಳುಗಳ ಮೇಲೆ, ಮುಂಗೈ ಮೇಲೆ ಸುಟ್ಟ ಹಾಗೆ ಬೊಬ್ಬೆ. ಬಿಸಿ ಎಣ್ಣೆ ಹಾರಿದೆಯೇನೋ ಅಂದುಕೊಂಡೆ. ಚರ್ಮದ ಡಾಕ್ಟರು ನೋಡಿದ ತಕ್ಷಣ "ನಿಂಬೆಹಣ್ಣು ಹಿಂಡಿದ್ರಾ?" ಅಂತ ಕೇಳಿದರು! ರಸ, ಸಿಪ್ಪೆಯ ಎಣ್ಣೆ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಹೀಗಾಗುತ್ತಂತೆ. ಬೊಬ್ಬೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಇತ್ತು. ಪೆಂಡಾಲಿನ ಒಳಗೆ ನೆರಳಲ್ಲಿ ಕೂತು ಹಿಂಡಿದ ಮತ್ತೊಬ್ಬನಿಗೆ ಏನೂ ಆಗಿರಲಿಲ್ಲ.

ಜಯನಗರದ_ಜಾಣೆ
ಅಯ್ಯೋ! ನಾನು ಮುಖಕ್ಕೆ ನಿಂಬೆ ಹಚ್ಚಿಕೊಂಡು ಟೆರೇಸ್ ಮೇಲೆ ಬಟ್ಟೆ ಒಣಗಿಸೋಕೆ ಹೋಗ್ತೀನಿ.

ತುಮಕೂರು_ತಮ್ಮಯ್ಯ
ಹೋಗಬೇಡಿ!!

ಫಿಟ್_ಫಣಿ
ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆ, ಜೇನು. ಕೊಬ್ಬು ಕರಗುತ್ತೆ. ಎಲ್ಲರೂ ಶುರು ಮಾಡಿ.

ರಸಾಯನ_ಮೇಷ್ಟ್ರು
ಕೊಬ್ಬು ನಿಂಬೆರಸಕ್ಕೆ ಕರಗಲ್ಲಪ್ಪ. ಕರಗೋದು ಹಲ್ಲಿನ ಮೇಲಿನ ಪದರ. ಕುಡಿಯೋದಾದರೆ ಕುಡಿ, ಆದರೆ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಆದ ಮೇಲೆ ಬ್ರಷ್ ಮಾಡು. ಕುಡಿದ ತಕ್ಷಣ ಉಜ್ಜಿದರೆ ಮೆತ್ತಗಾದ ಪದರ ಸವೆಯುತ್ತೆ.

ಫಿಟ್_ಫಣಿ
ನನಗೆ 4 ಕೆಜಿ ಇಳಿದಿದೆ ಸರ್.

ಅಜ್ಜಿಮೊಮ್ಮಗ
ಅದರ ಜೊತೆ ರಾತ್ರಿ ಊಟ ಬಿಟ್ಟಿದ್ದನ್ನೂ ಹೇಳು. ಹೋದ ತಿಂಗಳು ನೀನೇ ಬರೆದಿದ್ದೆ.

ಒಗ್ಗರಣೆ_ಡಬ್ಬಿ
ಎಲ್ಲರಿಗೂ ಥ್ಯಾಂಕ್ಸ್, ಆದರೆ 52 ಹಣ್ಣು ಬುಟ್ಟಿಯಲ್ಲೇ ಇವೆ. ಒಂದೆರಡು ಒಣಗೋಕೆ ಶುರುವಾಗಿವೆ. ಹಣ್ಣು ಇಡೋದು ಹೇಗೆ, ರಸ ಇಡೋದು ಹೇಗೆ?

ಬಾಣಲೆ_ಭಾಗ್ಯ
ಹಣ್ಣು: ಒರೆಸಿ, ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಮೂರ್ನಾಲ್ಕು ವಾರ ಬರುತ್ತೆ. ವಾರಕ್ಕೊಮ್ಮೆ ತೆಗೆದು ನೋಡಿ, ಒಂದು ಕೊಳೆತರೆ ಪಕ್ಕದ್ದೂ ಹೋಗುತ್ತೆ.

ರಸ: ಬಾಟಲಿಯಲ್ಲಿ ಬೇಡ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಫ್ರೀಜರ್‌ನಲ್ಲೇ ಇಡಿ. ಒಂದು ಹದವಾದ ಹಣ್ಣಿಗೆ ಹೆಚ್ಚುಕಮ್ಮಿ ಒಂದು ದೊಡ್ಡ ಚಮಚ ರಸ, ಟ್ರೇಯ ಒಂದು ಗುಂಡಿಗೆ ಸರಿಹೋಗುತ್ತೆ. ಎರಡು ಲೋಟ ಶರಬತ್ತಿಗೆ ಒಂದು ಗಡ್ಡೆ.

ನ್ಯೂಜೆರ್ಸಿ_ನಂಜುಂಡ
ನಾನೂ ಹಾಗೇ ಮಾಡ್ತೀನಿ. ರುಚಿಗೆ ತೊಂದರೆ ಇಲ್ಲ, ತಾಜಾ ಹಣ್ಣಿನ ಘಮ ಮಾತ್ರ ಸ್ವಲ್ಪ ಕಮ್ಮಿ.

ತುಮಕೂರು_ತಮ್ಮಯ್ಯ
ಈಗಲೇ ಫ್ರೀಜ್ ಮಾಡಿಕೊಳ್ಳಿ ಅಕ್ಕ. 2022ರ ಏಪ್ರಿಲ್ ನೆನಪಿದೆಯಾ? ಒಂದು ಹಣ್ಣಿಗೆ 10 ರೂಪಾಯಿ ಕೊಟ್ಟಿದ್ದೆವು. ಹೋಟೆಲಿನಲ್ಲಿ ನಿಂಬೆ ಹೋಳು ಕೇಳಿದರೆ ಆಸ್ತಿ ಕೇಳಿದ ಹಾಗೆ ನೋಡ್ತಿದ್ದರು.

ಇಂಡಿ_ಹುಡುಗ
ಅದೇ ಹಣ್ಣು ಮಳೆಗಾಲದಾಗ ಕೇಳೋರು ಇರಂಗಿಲ್ಲ. ಗಿಡದ ತುಂಬ ಹಣ್ಣು, ಆರಿಸೋ ಕೂಲಿಯೂ ಹುಟ್ಟಂಗಿಲ್ಲ. ಬೇಸಿಗಿಯಾಗ ರೇಟ್ ಏರಿದಾಗ ಎಲ್ಲಾರೂ ಕೂಗ್ತೀರಿ, ಮಳಿಗಾಲದಾಗ ಹತ್ತು ಜಾಸ್ತಿ ತಗೊಂಡು ಉಪ್ಪಿನಕಾಯಿ ಹಾಕ್ರಿ. ನಮಗೂ ಚಲೋ, ನಿಮಗೂ ಚಲೋ.

ಸೋಡಾಬುಡ್ಡಿ
ಗಾಡಿ ಚಕ್ರದ ಕೆಳಗೆ ಇಡೋದು ನಿಲ್ಲಿಸಿದರೂ ಸಾಕು, ಅರ್ಧ ಬೇಡಿಕೆ ಇಳಿಯುತ್ತೆ.

ಜಯನಗರದ_ಜಾಣೆ
ಆಯುಧಪೂಜೆ ಬಗ್ಗೆ ಮಾತಾಡಬೇಡಿ ಪ್ಲೀಸ್.

ಒಗ್ಗರಣೆ_ಡಬ್ಬಿ
ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೇಷ್ಟ್ರ ಮಾತು ನಿಜವಾ ಅಂತ ಪರೀಕ್ಷೆ ಮಾಡಿಬಿಟ್ಟೆ. 9 ಹಣ್ಣು ತಗೊಂಡೆ. ಮೂರು ಮಿಕ್ಸಿಗೆ, ಬೀಜ ಸಮೇತ. ಮೂರು ಸ್ಕ್ವೀಜರ್‌ನಲ್ಲಿ, ಬೀಜ ತೆಗೆಯದೆ, ಎರಡೆರಡು ಸಲ ಗಟ್ಟಿಯಾಗಿ ಒತ್ತಿ. ಮೂರು ಅಜ್ಜಿಯ ಲೆಕ್ಕದಲ್ಲಿ: ಉರುಳಿಸಿ, ಅಡ್ಡ ಹೆಚ್ಚಿ, ಬೀಜ ಎಬ್ಬಿಸಿ, ಒಂದೇ ಸಲ ಹಿಂಡಿ. ಮೂರು ಚಿಕ್ಕ ಗಾಜಿನ ಲೋಟ, ತಳಕ್ಕೆ ನಂಬರ್ ಅಂಟಿಸಿ ಫ್ರಿಜ್‌ಗೆ.

ಬೆಳಿಗ್ಗೆ ಅತ್ತೆಗೆ, ಯಜಮಾನರಿಗೆ ಯಾವುದು ಯಾವುದು ಅಂತ ಹೇಳದೆ ನೀರು, ಸಕ್ಕರೆ ಸಮ ಹಾಕಿ ಕೊಟ್ಟೆ. ಮಿಕ್ಸಿಯದ್ದನ್ನು ಇಬ್ಬರೂ ಮೂಗು ಮುರಿದು ಕೆಳಗಿಟ್ಟರು. ಅಜ್ಜಿಯ ಲೆಕ್ಕದ್ದು ನಿನ್ನೆ ಹಿಂಡಿದ್ದು ಅಂತ ಗೊತ್ತೇ ಆಗಲಿಲ್ಲ. ಸ್ಕ್ವೀಜರ್‌ದ್ದು ಸ್ವಲ್ಪ ಒಗರು ಅಂದರು ಯಜಮಾನರು. ಅತ್ತೆಗೆ ಅದೇ ಇಷ್ಟವಾಯ್ತು! "ಇದರಲ್ಲಿ ನಿಂಬೆಹಣ್ಣಿದೆ, ಅದು ಬರೀ ಹುಳಿನೀರು" ಅಂದರು.

ಮೈಸೂರು_ಸಿಲ್ಕ್
ನಿಮ್ಮತ್ತೆಗೆ ಹೇರಳೆಕಾಯಿ ಕೊಡಿ. ಅವರು ನಮ್ಮ ಪಾರ್ಟಿ.

ರಸಾಯನ_ಮೇಷ್ಟ್ರು
ನನ್ನ ವಿದ್ಯಾರ್ಥಿಗಳು ಹೀಗೆ ಪ್ರಯೋಗ ಮಾಡಿದ್ದರೆ! ನಂಬರ್ ತಳಕ್ಕೆ ಅಂಟಿಸಿದ್ದು ಬಹಳ ಇಷ್ಟವಾಯ್ತು.

ಅಜ್ಜಿಮೊಮ್ಮಗ
ಉಳಿದ 43?

ಒಗ್ಗರಣೆ_ಡಬ್ಬಿ
ಉಪ್ಪಿನಕಾಯಿಗೆ. ತೂಗಿದೆ, ಒಂದೂಮುಕ್ಕಾಲು ಕೆಜಿ ಬಂತು. ಒಂದು ಕೆಜಿಗೆ ಕಾಲು ಕೆಜಿ ಲೆಕ್ಕದಲ್ಲಿ ಕಲ್ಲುಪ್ಪು ಹಾಕಿ ಜಾಡಿಗೆ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದ್ದೇನೆ. ಖಾರ ಸಿಪ್ಪೆ ಮೆತ್ತಗಾದ ಮೇಲೆ. ಎರಡು ಬಾಟಲಿ ಕಹಿ ರಸ ದೀಪದ ಕಂಬಕ್ಕೆ ಹೋಯ್ತು. ಅಮ್ಮಮ್ಮ, ಕಂಬ ಹೊಸದರ ಹಾಗೆ ಕಾಣ್ತಿದೆ.

ಒಂದೇ ಪ್ರಶ್ನೆ. ಇವತ್ತು ಮೂರನೇ ದಿನ. ಉಪ್ಪುನೀರು ಅರ್ಧ ಜಾಡಿವರೆಗೆ ಬಂದಿದೆ, ಮೇಲಿನ ಹೋಳುಗಳು ಒಣಗಿದ ಹಾಗೆ ಕಾಣ್ತಿವೆ. ಕುದಿಸಿ ಆರಿಸಿದ ನೀರು ಸೇರಿಸಲಾ?

ಕುಂದಾಪುರದ_ಅಮ್ಮಮ್ಮ
ನೀರು ಮುಟ್ಟಿಸಬೇಡ, ಬೂಸ್ಟು ಬರುತ್ತೆ. ದಿನಕ್ಕೊಂದು ಸಲ ಒಣ ಸೌಟಿನಲ್ಲಿ ಮೇಲಿನದ್ದು ಕೆಳಗೆ ಮಾಡು. ಇನ್ನೂ ಕಮ್ಮಿ ಅನಿಸಿದರೆ ಎರಡು ಹಣ್ಣು ಹಿಂಡಿ ಆ ರಸ ಹಾಕು.

ಒಗ್ಗರಣೆ_ಡಬ್ಬಿ
ಹಣ್ಣೆಲ್ಲ ಜಾಡಿಗೇ ಹೋಯ್ತಲ್ಲ ಅಮ್ಮಮ್ಮ. ಅಂಗಡಿಗೆ ಹೊರಟೆ.